ಚರಗದ ಬುತ್ತಿ ಯಾರು ಕಟ್ಟಬೇಕು?

2024ನೇ ಇಸವಿಯಲ್ಲಿ ಎಳ್ಳಮಾವಾಸ್ಯೆ ಎರಡು ಸಲ ಬಂತು. ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು. ನಮ್ಮ ಪಂಚಾಂಗದಲ್ಲಿ ಅದು ಮಾರ್ಗಶಿರದ ಅಮಾವಾಸ್ಯೆ, ವರ್ಷಕ್ಕೆ ಒಂದೇ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಮಾತ್ರ ಒಮ್ಮೊಮ್ಮೆ ಹೀಗೆ ಎರಡಾಗುತ್ತದೆ. ಮೊದಲನೆಯದಕ್ಕೆ ನಮ್ಮ ಮನೆಯಲ್ಲಿ ಜಗಳ ಆಯಿತು. ಎರಡನೆಯದಕ್ಕೆ ಊಟ ಆಯಿತು. ನಡುವೆ ಏನಾಯಿತು ಅನ್ನೋದನ್ನ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಏಳನೇ ಇಯತ್ತೆ ಕಲಿತವನ ಬರವಣಿಗೆ, ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ.

ಕರಾವಳಿ, ಹಳೇ ಮೈಸೂರು ಕಡೆಯ ಓದುಗರಿಗೆ ಎಳ್ಳಮಾವಾಸ್ಯೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ ಹೇಗೋ, ನಮ್ಮ ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ ಸೀಮೆಗೆ ಇದು ಹಾಗೆ. ಆ ಹೊತ್ತಿಗೆ ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ. ಕಡಲೆ ಹೂವು ಕಾಯಿಗೆ ಬಂದಿರುತ್ತದೆ. ಉತ್ತರಿ, ಹಸ್ತಿ ಮಳೆಯ ಹಸಿಯಲ್ಲಿ ಬಿತ್ತಿದ್ದು. ಆಮೇಲೆ ಮಳೆ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಎರಿ ಭೂಮಿ ಹೊಟ್ಟೆಯೊಳಗೆ ಹಿಡಿದಿಟ್ಟ ತೇವದ ಮೇಲೇ ಬೆಳೆಯನ್ನು ಹೊತ್ತು ನಿಂತಿರುತ್ತದೆ. ಅದಕ್ಕೇ ಹಿರಿಯರು ಭೂಮ್ತಾಯಿ ಬಸುರಿ ಅದಾಳ ಅಂದರು. ಬಸುರಿ ಹೆಣ್ಣುಮಗಳಿಗೆ ಬಯಕೆಯ ಊಟ ಮಾಡಿಸುವ ಹಾಗೆ, ಮನೆಯಲ್ಲಿ ಅಡಿಗೆ ಮಾಡಿ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡಿ, ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ನಾಲ್ಕೂ ಕಡೆ ಚೆಲ್ಲುತ್ತೇವೆ. ಅದೇ ಚರಗ. ಚೆಲ್ಲಿ ಬಂದ ಮೇಲೆ ಬೀಗರು ಬಿಜ್ಜರು, ನೆರೆಯವರು, ಹೊಲಕ್ಕೆ ಬಂದ ಕೂಲಿಯವರು ಎಲ್ಲ ಕೂತು ಉಣ್ಣೋದು. ಪುಣೆ, ಬೆಂಗಳೂರು ಅಂತ ಹೋದ ಮಕ್ಕಳು ದೀಪಾವಳಿಗೆ ಬರದಿದ್ದರೂ ಚರಗಕ್ಕೆ ಬರುತ್ತಾರೆ.

2023 ಬರಗಾಲದ ವರ್ಷ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತು. ನಮ್ಮ ಹೊಲದಲ್ಲಿ ಹಿಂಗಾರಿ ಬಿತ್ತಿದ್ದು ಮೊಣಕಾಲೆತ್ತರ ಎದ್ದು ಅಲ್ಲಿಗೇ ನಿಂತುಬಿಟ್ಟಿತ್ತು. ಆದರೂ ಚರಗ ಬಿಡಬಾರದು ಅಂತ ನನ್ನ ಹಟ. ಮಗ ಸೊಸೆ ಪುಣೆಯಿಂದ ಬರೋರು, ಮಗಳು ಅಳಿಯ ಬರೋರು, ತಮ್ಮನ ಮನೆಯವರು, ಅತ್ತಿ, ಎಲ್ಲ ಸೇರಿ 34 ಮಂದಿ. ಒಂದು ವಾರ ಮೊದಲೇ ನನ್ನ ಹೆಂಡತಿ ಹೇಳಿಬಿಟ್ಟಳು.

"ಈ ಸಲ ನಾ ಅಡಿಗಿ ಮಾಡಂಗಿಲ್ರೀ. ಹೊಲದಾಗೂ ಏನೂ ಉಳದಿಲ್ಲ, ನನ್ನ ಮೊಣಕಾಲಾಗೂ ಏನೂ ಉಳದಿಲ್ಲ."

ನನಗೆ ಸಿಟ್ಟು ಬಂತು. ವರ್ಷಕ್ಕೊಂದು ದಿನ, ಅದೂ ಭೂಮಿತಾಯಿಯ ಕೆಲಸ, ಇದಕ್ಕೂ ಇಲ್ಲ ಅಂದರೆ ಹೆಂಗೆ ಅಂತ ನಾಲ್ಕು ಮಾತು ಆಡಿದೆ. ಆಕೆ ತಿರುಗಿ ಮಾತಾಡಲಿಲ್ಲ. ಮಗ ನಡುವೆ ಬಂದ. "ಯಪ್ಪಾ, ಅವ್ವಗ ಯಾಕ ಕಾಡ್ತಿ. ಸಿಟ್ಯಾಗ ರೊಟ್ಟಿ ಊಟ ಮಾಡಿಕೊಡೋರು ಅದಾರ. ಒಂದು ಫೋನ್ ಮಾಡಿದ್ರ ಮುಗೀತು." ಮುಗಿಯಿತು. ಅಮಾವಾಸ್ಯೆ ದಿನ ಹತ್ತು ಗಂಟೆಗೆ ಟೆಂಪೋದಲ್ಲಿ ಊಟ ಬಂತು. ರೊಟ್ಟಿ ಹತ್ತು ರೂಪಾಯಿಗೆ ಒಂದು, 120 ರೊಟ್ಟಿ. ಪಲ್ಲೆ ಎಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಎಣಗಾಯಿಯ ರಸದಲ್ಲಿ ಗೋಡಂಬಿ ಅರೆದು ಹಾಕಿದ್ದರು. ನಮ್ಮ ಹೊಲ ಹುಟ್ಟಿದಾಗಿನಿಂದ ಗೋಡಂಬಿ ಕಂಡಿಲ್ಲ, ಅವತ್ತು ಕಂಡಿತು.

ರುಚಿಗೆ ಹೆಸರಿಡಬಾರದು, ಚೆನ್ನಾಗೇ ಇತ್ತು. ಆದರೆ ನಮ್ಮ ಅತ್ತಿ, ಎಂಬತ್ತು ದಾಟಿದ ಮುದುಕಿ, ಕಣ್ಣು ಅಷ್ಟು ಕಾಣಿಸೋದಿಲ್ಲ, ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕೇಳಿದಳು: "ಇದು ಯಾರ ಹೊಲದ ಜ್ವಾಳಪಾ?"

ಯಾರೂ ಉತ್ತರ ಹೇಳಲಿಲ್ಲ.

ಆ ರಾತ್ರಿಯೇ ಈ ಪತ್ರಿಕೆಗೆ ಬರೆಯೋಕೆ ಕೂತೆ. ಹಬ್ಬದ ಊಟವನ್ನೂ ಅಂಗಡಿಯಿಂದ ತರುವ ಕಾಲ ಬಂತು, ಇಂದಿನ ಹೆಣ್ಣುಮಕ್ಕಳಿಗೆ ಒಲೆ ಬೇಡವಾಯಿತು, ಸಂಪ್ರದಾಯ ಮುಳುಗಿತು, ಹೀಗೇ ಮೂರು ಪುಟ ಬರೆದೆ. ಸೊಸೆ ಅದನ್ನು ಜೋರಾಗಿ ಓದಿ ನನ್ನ ಹೆಂಡತಿಗೆ ಕೇಳಿಸಿದಳು. ಆಕೆ ಪೂರ್ತಿ ಕೇಳಿಸಿಕೊಂಡು, "ಛಲೋ ಬರದೀರಿ. ರೊಟ್ಟಿ ಯಾರು ಬಡೀಬೇಕು ಅನ್ನೂದೊಂದು ಬರದಿಲ್ಲ" ಅಂದಳು.

ಆ ಮೂರು ಪುಟ ಇನ್ನೂ ನನ್ನ ಹತ್ತಿರ ಇವೆ. ಕಳಿಸಲಿಲ್ಲ.

ಮುಂದೊಂದು ದಿನ ಆಕೆ ರೊಟ್ಟಿಗೆ ಕೂತಾಗ ಬಾಜೂ ಕೂತು ಮೊಬೈಲಿನಲ್ಲಿ ಗಡಿಯಾರ ನೋಡಿಕೊಂಡು ಎಣಿಸಿದೆ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಮಗ್ಗಲು ಬದಲಿಸಿ, ಕೆಂಡದ ಮುಂದೆ ಉಬ್ಬಿಸಿ ತೆಗೆಯೋಕೆ ಒಂದು ರೊಟ್ಟಿಗೆ ಎರಡೂವರೆ ನಿಮಿಷ. 30 ರೊಟ್ಟಿಗೆ ಒಂದೂಕಾಲು ತಾಸು. ಒಂದು ಕಿಲೋ ಹಿಟ್ಟಿಗೆ ಹನ್ನೊಂದು ರೊಟ್ಟಿ ಆದವು. ಚರಗಕ್ಕೆ 34 ಮಂದಿಗೆ ಹಗುರವಾಗಿ ಹಿಡಿದರೂ 110 ರೊಟ್ಟಿ, ಅಂದರೆ ಹತ್ತು ಕಿಲೋ ಹಿಟ್ಟು, ನಾಲ್ಕೂವರೆ ತಾಸಿಗೂ ಮಿಕ್ಕಿ ಬೆಂಕಿಯ ಮುಂದೆ ಕಾಲು ಮಡಚಿ ಕೂಡೋದು. ಇದು ಬರೀ ರೊಟ್ಟಿ. ಶೇಂಗಾ ಹುರಿದು ಸಿಪ್ಪೆ ತೆಗೆದು ಬೆಲ್ಲದ ಜೊತೆ ಕುಟ್ಟಿ ಮಾಡುವ ಹೋಳಿಗೆ ಬೇರೆ, ಎಳ್ಳ ಹೋಳಿಗೆ ಬೇರೆ, ಕಡುಬು ಬೇರೆ, ಪಲ್ಲೆ ನಾಲ್ಕು ನಮೂನಿ, ಹಿಂಡಿ ಮೂರು ನಮೂನಿ, ಚಿತ್ರಾನ್ನ, ಮೊಸರನ್ನ, ಭಜಿ, ಹಪ್ಪಳ. ನಮ್ಮನೇದು ಒಟ್ಟು ಹದಿನೇಳು ನಮೂನಿ ಅಂತ ಊರಲ್ಲಿ ಹೆಸರಿತ್ತು. ಆ ಹೆಸರು ನನ್ನದು. ರಾತ್ರಿ ಎರಡಕ್ಕೆ ಎದ್ದು ಒಲೆ ಹಚ್ಚುತ್ತಿದ್ದವಳು ಆಕೆ.

ಮದುವೆಯಾಗಿ 31 ವರ್ಷ ಆಗಿತ್ತು. ಒಂದೇ ಒಂದು ಚರಗದಲ್ಲಿ ಆಕೆ ಮೊದಲ ಪಂಕ್ತಿಯಲ್ಲಿ ಕೂತದ್ದು ನನಗೆ ನೆನಪಿಲ್ಲ. ನಾವೆಲ್ಲ ಉಂಡು ಬನ್ನಿಗಿಡದ ನೆರಳಿಗೆ ಅಡ್ಡಾದ ಮೇಲೆ, ತಳ ಹತ್ತಿದ ಪಲ್ಲೆ, ಆರಿದ ರೊಟ್ಟಿ ಇಟ್ಟುಕೊಂಡು ಹೆಂಗಸರು ಒಂದು ಕಡೆ ಕೂತು ಉಣ್ಣುತ್ತಿದ್ದರು. ಬಸುರಿಗೆ ಬಯಕೆ ಊಟ ಅಂತ ಹೆಸರಿಟ್ಟ ಹಬ್ಬದಲ್ಲಿ ಹೆಣ್ಣುಮಕ್ಕಳು ಕೊನೆಗೆ ಉಂಡರು. ಇದು ನನಗೆ ಐವತ್ತು ದಾಟಿದ ಮೇಲೆ ಹೊಳೆದದ್ದು.

ಇನ್ನು ಅತ್ತಿ ಕೇಳಿದ ಮಾತು. ಅದಕ್ಕೆ ಬರಗಾಲದ ಮೇಲೆ ತಪ್ಪು ಹಾಕಿ ಪಾರಾಗಬಹುದಿತ್ತು. ಆದರೆ ಮಳೆ ಚೆನ್ನಾದ ವರ್ಷವೂ ನಾವು ರೊಟ್ಟಿಯ ಜೋಳ ಕೊಂಡೇ ತಿನ್ನುತ್ತಿದ್ದೆವು! ನನಗೆ ನಾಲ್ಕು ಎಕರೆ ಎರಿ, ಎರಡು ಎಕರೆ ಮಸಾರಿ. ಬಾವಿ ಇಲ್ಲ, ಬೋರು ಇಲ್ಲ. ಹತ್ತು ಹನ್ನೆರಡು ವರ್ಷದಿಂದ ಎರಿಯಲ್ಲೂ ಮಸಾರಿಯಲ್ಲೂ ಹೆಚ್ಚಿನಂಶ ತೊಗರಿಯೇ. ನಾನೊಬ್ಬನೇ ಅಲ್ಲ, ನಮ್ಮ ಕಡೆ ಹೊಲ ನೋಡಿದರೆ ತೊಗರಿ ಬಿಟ್ಟರೆ ಇನ್ನೊಂದು ಬಣ್ಣ ಕಾಣೋದು ಕಡಿಮೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಹುಟ್ಟಿದ ಜಿಲ್ಲೆ ಇದು.

ಜೋಳ ಯಾಕೆ ಬಿಟ್ಟೆವು ಅಂತ ಕೇಳಿದರೆ ಎಲ್ಲರೂ ರೇಟು ಅಂತಾರೆ. ರೇಟೊಂದೇ ಅಲ್ಲ. ನನ್ನ ಮನೆಯ ಲೆಕ್ಕ ಹೇಳ್ತೇನೆ. ಮೊದಲು ಎತ್ತು ಮಾರಿದೆ, ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತೆ ಅಂತ. ಎತ್ತು ಹೋದ ಮೇಲೆ ಕಣಿಕೆ ಬೇಡವಾಯಿತು. ಜೋಳ ಅಂದರೆ ಅರ್ಧ ಕಾಳು, ಅರ್ಧ ಕಣಿಕೆ. ಕಣಿಕೆಗೆ ಬೆಲೆ ಇಲ್ಲದವನಿಗೆ ಜೋಳದ ಲಾಭ ಅರ್ಧ ಹೋದಂತೆ. ಬೇರು ಸಮೇತ ಜೋಳ ಕೀಳೋಕೆ ಆಳು ಬೇಕು, ತೆನೆ ಮುರಿಯೋಕೆ ಆಳು ಬೇಕು, ಹಕ್ಕಿ ಕಾಯಬೇಕು. ತೊಗರಿಯಾದರೆ ಮಷೀನು ಬಂದು ಅರ್ಧ ದಿನದಲ್ಲಿ ರಾಶಿ ಮಾಡಿ ಹೋಗುತ್ತದೆ. ರೇಷನ್ ಅಕ್ಕಿ ಹೇಗೂ ಬರುತ್ತದೆ. ಹೀಗೆ ಎತ್ತಿನಿಂದ ಶುರುವಾಗಿ ರೊಟ್ಟಿಯ ತನಕ ಬಂತು. ಹಗೇವು ಮುಚ್ಚಿ ಅದರ ಮೇಲೆ ಮೋಟಾರ್ ಸೈಕಲ್ ನಿಲ್ಲಿಸುತ್ತೇವೆ.

ನನ್ನ ಅವ್ವನ ಕಾಲದ ಚರಗದ ಬುತ್ತಿ ನೆನಪು ಮಾಡಿಕೊಂಡರೆ ಅದು ಹೊಲದ ಸಾಲುಗಳನ್ನೇ ಬಿಚ್ಚಿಟ್ಟ ಹಾಗೆ ಇರುತ್ತಿತ್ತು. ಮಸಾರಿಯಲ್ಲಿ ಮುಂಗಾರಿ ಸಜ್ಜೆ, ಅದರೊಳಗೆ ಅಕ್ಕಡಿ ಸಾಲು ತೊಗರಿ, ಹೆಸರು, ಮಡಿಕೆ. ಬದುವಿನ ಕಡೆ ಎಳ್ಳು, ಗುರೆಳ್ಳು, ನಾಲ್ಕು ಸಾಲು ಪುಂಡಿ. ಎರಿಯಲ್ಲಿ ಹಿಂಗಾರಿ ಮಾಲದಂಡಿ ಜೋಳ, ನಡುನಡುವೆ ಕಡಲೆ, ಕುಸುಬೆ, ಒಂದಿಷ್ಟು ಅಗಸೆ. ಸುತ್ತಲೂ ಕುಸುಬೆ ಇದ್ದರೆ ಮುಳ್ಳಿಗೆ ಹೆದರಿ ದನ ಒಳಗೆ ಬರೋದಿಲ್ಲ, ಅದು ಬೇಲಿಯೂ ಹೌದು ಎಣ್ಣೆಯೂ ಹೌದು. ಸಜ್ಜೆಯಿಂದ ಕಡಕ್ ರೊಟ್ಟಿ, ಅದರ ಮೇಲೆ ಒತ್ತಿದ ಎಳ್ಳು ಅದೇ ಹೊಲದ್ದು. ಮಡಿಕೆಕಾಳು ನೆನೆಸಿ ಮೊಳಕೆ ಬರಿಸಿ ಪಲ್ಲೆ. ಗುರೆಳ್ಳು ಹಿಂಡಿ, ಅಗಸೆ ಹಿಂಡಿ. ಎಳೇ ಕಡಲೆ ಕುಡಿ ಚಿವುಟಿ ಒಣಗಿಸಿಟ್ಟ ಪಲ್ಲೆ. ಕುಡಿ ಚಿವುಟಿದರೆ ಕಡಲೆ ಟಿಸಿಲು ಹೆಚ್ಚು ಒಡೆಯುತ್ತದೆ, ಅಂದರೆ ಪಲ್ಲೆಯೂ ಸಿಕ್ಕಿತು, ಕಾಯಿಯೂ ಹೆಚ್ಚಾಯಿತು. ಜೋಳದ ನುಚ್ಚು, ಮನೆಯ ಮಜ್ಜಿಗೆ. ಹೊರಗಿನಿಂದ ಬರುತ್ತಿದ್ದದ್ದು ಉಪ್ಪು, ಬೆಲ್ಲ, ಸಂತೆಯ ಬದನೆಕಾಯಿ. ಅಷ್ಟೇ.

ಎಣಿಸಿ ನೋಡಿದರೆ ಅವ್ವನದು ಏಳೆಂಟು ನಮೂನಿ. ಹದಿನೇಳು ನಮೂನಿ ಸಂಪ್ರದಾಯ ಅಂತ ನಾನು ಬೀಗುತ್ತಿದ್ದೆನಲ್ಲ, ಅದು ಸಂಪ್ರದಾಯವಲ್ಲ, ನನ್ನ ಕಾಲದಲ್ಲೇ ಬೆಳೆದದ್ದು. ಹೊಲದಲ್ಲಿ ಬೆಳೆ ಒಂದಕ್ಕೆ ಇಳಿಯಿತು, ಬುತ್ತಿಯಲ್ಲಿ ನಮೂನಿ ಹದಿನೇಳಕ್ಕೆ ಏರಿತು. 1972ರ ಬರದಲ್ಲಿ ನಾನು ಕೂಸು. ಆ ವರ್ಷ ಅವ್ವ ಬರೇ ನುಚ್ಚು, ಪುಂಡಿಪಲ್ಲೆ ಒಯ್ದು ಚರಗ ಚೆಲ್ಲಿದ್ದಳು ಅಂತ ಅಪ್ಪ ಹೇಳ್ತಿದ್ದ. ಭೂಮಿತಾಯಿ ಏನೂ ಸಿಟ್ಟಾಗಲಿಲ್ಲ.

ಈ ವಿಚಾರ ತಲೆಯಲ್ಲಿ ಕೊರೆಯುತ್ತಿದ್ದಾಗ ಇನ್ನೊಂದು ಕಡೆಯಿಂದ ಮಾತು ಬಂತು. ಅಣ್ಣನ ಮಗ ಅಮೆರಿಕದಲ್ಲಿದ್ದಾನೆ, ಕಂಪ್ಯೂಟರ್ ಕೆಲಸ. 2024ರ ನವೆಂಬರ್ ಕೊನೆಗೆ ಫೋನ್ ಮಾಡಿ, "ಕಾಕಾ, ಇಲ್ಲೂ ಚರಗ ಐತಿ, ಥ್ಯಾಂಕ್ಸ್‌ಗಿವಿಂಗ್ ಅಂತಾರ" ಅಂದ. ನವೆಂಬರ್ ತಿಂಗಳ ನಾಲ್ಕನೇ ಗುರುವಾರ, ಸುಗ್ಗಿಗೆ ಉಪಕಾರ ಹೇಳುವ ದಿನ. ಎಷ್ಟೇ ದೂರ ಇದ್ದರೂ ಮಕ್ಕಳು ಮನೆಗೆ ಬರುತ್ತಾರಂತೆ. ಟರ್ಕಿ ಅನ್ನುವ ದೊಡ್ಡ ಕೋಳಿಯನ್ನು ಇಡಿಯಾಗಿ ಭಟ್ಟಿಯಲ್ಲಿ ಬೇಯಿಸುತ್ತಾರೆ, ಗೋವಿನಜೋಳದ ರೊಟ್ಟಿ, ಕುಂಬಳಕಾಯಿಯ ಸಿಹಿ ಮಾಡುತ್ತಾರೆ. ಬಹಳ ಮನೆಗಳಲ್ಲಿ ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಅಡಿಗೆ ಮಾಡಿಕೊಂಡು ಹೋಗುತ್ತಾರಂತೆ. ಇವನು ಮಾಂಸ ಮುಟ್ಟುವವನಲ್ಲ. ಪರಿಚಯದವರ ಮನೆಗೆ ಎಣಗಾಯಿ, ಶೇಂಗಾ ಹಿಂಡಿ ಒಯ್ದಿದ್ದ. ಎಣಗಾಯಿ ತಾನೇ ಮಾಡಿದ್ದಂತೆ. ಊರಲ್ಲಿದ್ದಾಗ ನೀರು ಕಾಸಲೂ ಬರುತ್ತಿರಲಿಲ್ಲ ಅವನಿಗೆ.

ಆ ಹಬ್ಬದ ಹಿಂದಿನ ಕತೆಯನ್ನೂ ಹೇಳಿದ. 1620ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹೋಗಿ ಪ್ಲಿಮತ್ ಎಂಬಲ್ಲಿ ಇಳಿದ ನೂರು ಚಿಲ್ಲರೆ ಜನರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಮೊದಲ ಚಳಿಗಾಲದಲ್ಲೇ ಸತ್ತರು. ಆ ನೆಲದ ಮೂಲ ಜನ ಅವರಿಗೆ ಗೋವಿನಜೋಳ ಬೆಳೆಯೋದು ಹೇಳಿಕೊಟ್ಟರು. 1621ರಲ್ಲಿ ಫಸಲು ಬಂದಾಗ ಇಬ್ಬರೂ ಕೂತು ಉಂಡರು. ಆಮೇಲೆ 1863ರಲ್ಲಿ ಅಧ್ಯಕ್ಷ ಲಿಂಕನ್ ದೇಶಕ್ಕೆಲ್ಲ ಅನ್ವಯಿಸುವ ಹಾಗೆ ಈ ದಿನವನ್ನು ಸಾರಿದ. ಆದರೆ ಬೆಳೆಯೋದು ಕಲಿಸಿದವರ ಭೂಮಿ ಉಳಿಯಲಿಲ್ಲ. 1970ರಿಂದ ಮೂಲ ಜನರಲ್ಲಿ ಕೆಲವರು ಅದೇ ದಿನ ಅದೇ ಪ್ಲಿಮತ್‌ನಲ್ಲಿ ಸೇರಿ ದುಃಖದ ದಿನ ಅಂತ ಆಚರಿಸುತ್ತಾರೆ.

ಅವರ ದೇಶದ ತಪ್ಪು ಎಣಿಸೋದು ನನ್ನ ಕೆಲಸ ಅಲ್ಲ. ಆದರೆ ಫೋನ್ ಇಟ್ಟ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಉಪಕಾರ ನೆನೆಯುವ ಊಟದಲ್ಲಿ ಉಪಕಾರ ಮಾಡಿದವರಿಗೆ ಎಲ್ಲಿ ಜಾಗ ಇದೆ ಅಂತ ಮೊದಲು ನೋಡಬೇಕು. ಅವರ ಹಬ್ಬದಲ್ಲೂ ನೋಡಬೇಕು, ನಮ್ಮದರಲ್ಲೂ ನೋಡಬೇಕು. ನನ್ನ ಬನ್ನಿಗಿಡದ ಕೆಳಗೆ ಕೊನೆಯ ಪಂಕ್ತಿಯಲ್ಲಿ ಯಾರು ಕೂಡುತ್ತಿದ್ದರು ಅನ್ನೋದನ್ನ ಆಗಲೇ ಬರೆದಿದ್ದೇನೆ. ಬಿತ್ತುವಾಗ, ಕಳೆ ತೆಗೆಯುವಾಗ ಬಂದ ಕೂಲಿ ಹೆಣ್ಣುಮಕ್ಕಳೂ ಅವರ ಜೊತೆಗೇ.

ಹಂಗಾದರೆ ಏನು ಮಾಡಬೇಕು? ಊಟ ಮನೆಯದೇ ಆಗಬೇಕು, ನಮ್ಮ ಹೊಲದ ಕಾಳಿನದೇ ಆಗಬೇಕು ಅನ್ನೋದು ಈಗಲೂ ನನ್ನ ಅಭಿಪ್ರಾಯ. ಅದರಲ್ಲಿ ಬದಲಿಲ್ಲ. ಆದರೆ ಮನೆಯ ಅಡಿಗೆ ಅಂದರೆ ಮನೆಯ ಹೆಂಗಸಿನ ಅಡಿಗೆ ಅಂತ ಇಲ್ಲಿಯ ತನಕ ಅರ್ಥ ಮಾಡಿದ್ದೆವಲ್ಲ, ಅದನ್ನು ಬಿಡಬೇಕು. ಬಿಡದಿದ್ದರೆ ಇನ್ನು ಹತ್ತು ವರ್ಷದಲ್ಲಿ ಟೆಂಪೋದ ಊಟವೇ ಗತಿ. ಅದಕ್ಕೆ ಹೆಣ್ಣುಮಕ್ಕಳನ್ನು ಬೈದು ಉಪಯೋಗವಿಲ್ಲ.

2024ರ ಡಿಸೆಂಬರ್ 30ಕ್ಕೆ ನಾವು ಮಾಡಿದ್ದು ಹೇಳ್ತೇನೆ. ಎಲ್ಲ ಸರಿಯಾಯಿತು ಅಂತಲ್ಲ.

ಮುಂಗಾರಿಗೇ ಮಸಾರಿಯಲ್ಲಿ ಅರ್ಧ ಎಕರೆ ಸಜ್ಜೆ ಬಿತ್ತಿದೆ, ಒಳಗೆ ಅಕ್ಕಡಿಗೆ ಮಡಿಕೆ, ಬದುವಿಗೆ ಎಳ್ಳು. ಹಿಂಗಾರಿಯಲ್ಲಿ ಒಂದು ಎಕರೆ ಮಾಲದಂಡಿ. ಬೀಜ ಮನೆಯಲ್ಲಿ ಇರಲಿಲ್ಲ, ಪಕ್ಕದ ಊರಿನ ನೆಂಟರ ಹತ್ತಿರ ಕೇಳಿ ತಂದೆ. ಉಳಿದದ್ದು ತೊಗರಿಯೇ, ಸಾಲ ಇದ್ದವನು ಅದನ್ನು ಪೂರ್ತಿ ಬಿಡೋಕೆ ಆಗೋದಿಲ್ಲ. ಡಿಸೆಂಬರ್‌ನಲ್ಲಿ ಜೋಳ ಇನ್ನೂ ಹೊಲದಲ್ಲೇ ಇತ್ತಲ್ಲ, ಹಾಗಾಗಿ ಆ ಚರಗದ ರೊಟ್ಟಿಗೆ ಜೋಳ ಕೊಂಡಿದ್ದೇ, ಕಿಲೋಗೆ ಅರವತ್ತು ರೂಪಾಯಿ ಕೊಟ್ಟು. ಸಜ್ಜೆ ಮಾತ್ರ ನಮ್ಮದು.

ನಮೂನಿಯನ್ನು ಒಂಬತ್ತಕ್ಕೆ ಇಳಿಸಿದೆವು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣಗಾಯಿ, ಮಡಿಕೆಕಾಳು, ಕಡಲೆ ಪಲ್ಲೆ, ಶೇಂಗಾ ಹಿಂಡಿ, ಅಗಸೆ ಹಿಂಡಿ, ಶೇಂಗಾ ಹೋಳಿಗೆ, ನುಚ್ಚು ಮಜ್ಜಿಗೆ. ಸಜ್ಜೆಯ ಕಡಕ್ ರೊಟ್ಟಿ ನಾಲ್ಕು ದಿನ ಮೊದಲೇ ಮಾಡಿಟ್ಟರೂ ಕೆಡೋದಿಲ್ಲ. ಮೂರು ಮನೆಗೆ ಇಪ್ಪತ್ತು ಇಪ್ಪತ್ತರಂತೆ ಹಂಚಿದೆವು. ಒಂದು ಮಾತು, ಸಜ್ಜೆ ಹಿಟ್ಟು ಬೀಸಿ ಬಹಳ ದಿನ ಇಡಬಾರದು, ಕಹಿ ಬರುತ್ತದೆ. ರೊಟ್ಟಿ ಮಾಡುವ ಹಿಂದಿನ ದಿನ ಬೀಸಿಸಿದರೆ ಸಾಕು. ಎರಡು ಹಿಂಡಿ ಅತ್ತಿಯ ಮನೆಯಿಂದ, ಹೋಳಿಗೆ ಮಗಳ ಮನೆಯಿಂದ. ಇದನ್ನು ಅಮೆರಿಕದಿಂದ ಕಲಿತೆ ಅಂತ ಯಾರೂ ತಿಳಿಯಬೇಡಿ. ಮೊದಲು ನಮ್ಮಲ್ಲೂ ಒಬ್ಬೊಬ್ಬರು ಅವರವರ ಬುತ್ತಿ ತಂದು ಒಂದೇ ಕಡೆ ಬಿಚ್ಚುತ್ತಿದ್ದರು. ಒಬ್ಬರ ಮನೆಯ ಪ್ರತಿಷ್ಠೆ ಅಂತ ಆದ ಮೇಲೆ ಅದು ನಿಂತದ್ದು.

ಗಂಡಸರಿಗೆ ಬಂದ ಕೆಲಸ: ಕಾಳು ಹಸನು ಮಾಡೋದು, ಬೀಸಿಸಿಕೊಂಡು ಬರೋದು, ಶೇಂಗಾ ಹುರಿದು ಕುಟ್ಟೋದು, ಬದನೆಕಾಯಿ ಸೀಳಿ ಮಸಾಲೆ ತುಂಬಿ ಒಲೆಗೆ ಇಡೋದು, ನುಚ್ಚು ಹೊಲದಲ್ಲೇ ಕುದಿಸೋದು, ಕೊನೆಗೆ ಪಾತ್ರೆ ತಿಕ್ಕೋದು. ರೊಟ್ಟಿಗೆ ಬಂದಾಗ ಎಲ್ಲರೂ ಕೈ ಹಿಂದೆ ಇಟ್ಟರು. ಆಗ ನನ್ನ ತಮ್ಮ ಸಿಕ್ಕಿಬಿದ್ದ. ಬರಗಾಲದಲ್ಲಿ ಪುಣೆಗೆ ಗೌಂಡಿ ಕೆಲಸಕ್ಕೆ ಹೋದಾಗ ಆರು ತಿಂಗಳು ಹತ್ತು ಮಂದಿಗೆ ಇವನೇ ರೊಟ್ಟಿ ಬಡಿದು ಹಾಕಿದ್ದ, ಗೆಳೆಯರ ಎದುರು ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ. ಊರಿಗೆ ಬಂದ ಮೇಲೆ ಕೈ ಮರೆತುಹೋಗಿದೆ ಅಂತ ಅವನ ವಾದ. ನಮ್ಮ ಹಳ್ಳಿಯಿಂದ ಗೋವಾ, ಪುಣೆ, ಬೆಂಗಳೂರಿಗೆ ಹೋದ ಗಂಡಸರೆಲ್ಲ ಅಲ್ಲಿ ಅಡಿಗೆ ಮಾಡಿಕೊಂಡೇ ಉಣ್ಣುತ್ತಾರೆ. ಊರಿನ ಅಗಸಿ ದಾಟಿ ಒಳಗೆ ಬರುತ್ತಲೇ ಎಲ್ಲರ ಕೈಯೂ ಮರೆಯುತ್ತದೆ, ಇದೆಂಥ ರೋಗವೋ. ವೈನಿ ಎದುರು ಮರ್ಯಾದೆ ಹೋಗುತ್ತೆ ಅಂತ ಅವನು ಕೂತ, 50 ರೊಟ್ಟಿ ಬಡಿದ. ಸ್ವಲ್ಪ ದಪ್ಪ, ಆದರೆ ರೊಟ್ಟಿಯೇ. ಮಗನೂ ಪ್ರಯತ್ನಿಸಿದ. ಅವನವು ಎತ್ತುವಾಗ ಹರಿದು ಹೋದವು. ಎಲ್ಲ ಕಲಸಿ ಚರಗಕ್ಕೆ ಹಾಕಿದೆವು.

ಊರಲ್ಲಿ ನಕ್ಕವರು ಇದ್ದಾರೆ. ಹೆಂಡತಿ ಮಾತಿಗೆ ಕುಣಿಯುತ್ತಾನೆ ಅಂದವರೂ ಇದ್ದಾರೆ. ಅದನ್ನು ನುಂಗಿದೆ. ಒಬ್ಬ ಹಿರಿಯರು ಬೇರೆಯೇ ಮಾತು ಹೇಳಿದರು, ಅದಕ್ಕೆ ಉತ್ತರ ಹೇಳಬೇಕು. "ಅಂಗಡಿಯ ರೊಟ್ಟಿ ಬಡಿಯೋರೂ ಬಡವರ ಮನೀ ಹೆಣ್ಣುಮಕ್ಕಳೇ ಅಲ್ಲೇನಪಾ, ಅವರ ಹೊಟ್ಟಿ ಮ್ಯಾಲ ಯಾಕ ಹೊಡೀತಿ?" ನಿಜವಾದ ಮಾತು. ನಮ್ಮ ಕಡೆ ರೊಟ್ಟಿ ಮಾಡಿ ಮಾರಿಯೇ ಮಕ್ಕಳನ್ನು ಓದಿಸಿದ ವಿಧವೆಯರನ್ನು ನಾನು ಬಲ್ಲೆ. ಮದುವೆ, ಮುಂಜಿ, ಪ್ರಯಾಣ, ದಿನದ ಊಟ, ಯಾವುದಕ್ಕೆ ಬೇಕಾದರೂ ಅವರಿಂದ ಕೊಳ್ಳಲಿ. ನಾನೂ ಕೊಳ್ಳುತ್ತೇನೆ. ಅವರು ಬೆವರು ಸುರಿಸಿ ದುಡ್ಡು ತಗೊಳ್ಳುತ್ತಾರೆ, ಅದರಲ್ಲಿ ಒಂದು ಲೆಕ್ಕ ಇದೆ. ನಮ್ಮ ಮನೆಯಲ್ಲಿ ಆ ಲೆಕ್ಕವೂ ಇರಲಿಲ್ಲ. ಈ ಒಂದು ದಿನದ ಊಟ ಮಾತ್ರ ನನ್ನ ಹೊಲ ನನಗೆ ಏನು ಕೊಟ್ಟಿತು ಅಂತ ಅದಕ್ಕೇ ತಿರುಗಿ ತೋರಿಸುವುದು. ಇನ್ನೊಬ್ಬರ ಹೊಲದ ಜೋಳ ತೋರಿಸಿ ಉಪಯೋಗ ಏನು?

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತ್ತು, ಜೋಳ ಸಜ್ಜೆ ಎರಡೂ ಅದರಲ್ಲಿ ಬಂದವು. ಪೇಟೆಯಲ್ಲಿ ಸಜ್ಜೆ ಬಿಸ್ಕಿಟ್ಟು ಬಂತು, ಮೇಳಗಳಾದವು, ಭಾಷಣಗಳಾದವು. ಒಳ್ಳೆಯದೇ. ಆದರೆ ಆ ವರ್ಷ ನನ್ನ ಹೊಲದಲ್ಲಿ ಸಜ್ಜೆಯ ಒಂದು ಕಡ್ಡಿಯೂ ಇರಲಿಲ್ಲ. ಮೇಳಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದೆ.

ಈ ಡಿಸೆಂಬರ್ 30ರ ಚರಗಕ್ಕೆ ಅತ್ತಿಯೂ ಬಂದಿದ್ದಳು. ಮೊದಲ ಪಂಕ್ತಿಯಲ್ಲಿ ಅತ್ತಿ, ನನ್ನ ಹೆಂಡತಿ, ತಮ್ಮನ ಹೆಂಡತಿ, ಸೊಸೆ, ಮಗಳು, ಕಳೆ ತೆಗೆಯೋಕೆ ಬರುವ ನಾಲ್ವರು ಹೆಣ್ಣುಮಕ್ಕಳು ಕೂತರು. ಆ ನಾಲ್ವರು ಕೂಡೋಕೆ ಒಪ್ಪಲೇ ಇಲ್ಲ, "ಗೌಡ್ರು ಉಂಡ ಮ್ಯಾಲ ಉಣತೀವ್ರೀ" ಅಂತ ನಿಂತುಬಿಟ್ಟರು. ನನ್ನ ಹೆಂಡತಿ ಕೈ ಹಿಡಿದು ಎಳೆದು ಕೂಡಿಸಿದಳು. ನಾವು ಬಡಿಸಿದೆವು. ಬಡಿಸೋದು ಸುಲಭದ ಕೆಲಸ ಅಂತ ತಿಳಿದಿದ್ದೆ. ಸೊಂಟ ಬಗ್ಗಿಸಿ ಬಗ್ಗಿಸಿ ಎರಡನೇ ಸುತ್ತಿಗೇ ಸಾಕಾಯಿತು. ನನ್ನ ಎಣಗಾಯಿಗೆ ಉಪ್ಪು ಹೆಚ್ಚಾಗಿದೆ ಅಂತ ಆಕೆ ಎಲ್ಲರ ಮುಂದೆ ಹೇಳಿದಳು. ಹೌದು, ಹೆಚ್ಚಾಗಿತ್ತು.

ಅತ್ತಿ ಸಜ್ಜೆ ರೊಟ್ಟಿ ಮುರಿದಳು. ಅದೇ ಪ್ರಶ್ನೆ ಕೇಳುತ್ತಾಳೆ ಅಂತ ನಾನು ಉತ್ತರ ಇಟ್ಟುಕೊಂಡು ನಿಂತಿದ್ದೆ. ಆಕೆ ಏನೂ ಕೇಳಲಿಲ್ಲ. ಹಲ್ಲಿಲ್ಲದ ಬಾಯಿ, ಮಜ್ಜಿಗೆಯಲ್ಲಿ ನೆನೆಸಿಕೊಂಡು ಒಂದೂವರೆ ರೊಟ್ಟಿ ತಿಂದಳು.

2025ರ ಫೆಬ್ರುವರಿಯಲ್ಲಿ ಜೋಳ ಕಿತ್ತು ರಾಶಿ ಮಾಡಿದೆವು. ಒಂದು ಎಕರೆಗೆ ನಾಲ್ಕು ಚೀಲ ಆಯಿತು, ದೊಡ್ಡ ಇಳುವರಿ ಏನಲ್ಲ. ಕೀಳುವ ಕೂಲಿ ಕಳೆದರೆ ತೊಗರಿಯಷ್ಟು ಉಳಿಯಲಿಲ್ಲ, ಇದನ್ನು ಮುಚ್ಚಿಡೋದಿಲ್ಲ. ಕಣಿಕೆಯನ್ನು ಎಮ್ಮೆ ಇಟ್ಟವರು ಬಂದು ಒಯ್ದರು, ಬದಲಿಗೆ ಸಗಣಿ ಗೊಬ್ಬರ ಹಾಕಿಕೊಡುವ ಮಾತಾಯಿತು. ಆ ಜೋಳದಿಂದಲೇ 2025ರ ಡಿಸೆಂಬರ್ 19ರ ಚರಗದ ರೊಟ್ಟಿ ಆದವು. ತಮ್ಮನ ರೊಟ್ಟಿ ಈಗ ತೆಳ್ಳಗಾಗಿವೆ.

ಸಜ್ಜೆ ಬೀಜ ಬೂದಿ ಬೆರೆಸಿ ಮಡಕೆಯಲ್ಲಿ ಕಟ್ಟಿಟ್ಟಿದ್ದೇನೆ, ಮನೆಗೆ ಬೇಕಾದದ್ದಕ್ಕಿಂತ ಜಾಸ್ತಿ ಇದೆ. ಸುತ್ತಮುತ್ತಲಿನ ಯಾರಿಗಾದರೂ ಮುಂಗಾರಿಗೆ ಬೇಕಾದರೆ ಬಂದು ಒಂದು ಸೇರು ಒಯ್ಯಬಹುದು. ಬೆಳೆದ ಮೇಲೆ ಎರಡು ಸೇರು ತಿರುಗಿ ಕೊಡಬೇಕು. ಮಡಿಕೆ ಬೀಜ ಕಡಿಮೆ ಇದೆ, ಅದನ್ನು ಈ ವರ್ಷ ಕೊಡೋಕೆ ಆಗೋದಿಲ್ಲ.